ಬೆಳ್ಳಿ ವಿಮಾನದ ಮೇಲೊಂದು ಗುಳಿ

2021ರಲ್ಲಿ ನನಗೆ ಅರವತ್ತೊಂದು ವರ್ಷ. ವರ್ಜೀನಿಯಾದ ಡಲ್ಲೆಸ್ ವಿಮಾನ ನಿಲ್ದಾಣದಿಂದ ಹತ್ತು ನಿಮಿಷದ ದೂರದಲ್ಲಿ, ಒಂದು ಟೈಲ್ಸ್ ಅಂಗಡಿಗೂ ಒಂದು ಕಾರ್ ಗ್ಯಾರೇಜಿಗೂ ನಡುವೆ, ನನ್ನದೊಂದು ಸಣ್ಣ ಕಾರ್ಯಾಗಾರವಿತ್ತು. ವಿಮಾನಗಳ ಸ್ಕೇಲ್ ಮಾಡೆಲ್ ಜೋಡಿಸಿ ಬಣ್ಣ ಹೊಡೆಯುವುದು ನಮ್ಮ ಕೆಲಸ. ವಸ್ತುಸಂಗ್ರಹಾಲಯದವರು, ನಿವೃತ್ತ ಪೈಲಟ್‌ಗಳು, ಅಪ್ಪ ಹಾರಿಸಿದ ವಿಮಾನ ಮನೆಯಲ್ಲಿರಲಿ ಎನ್ನುವ ಮಕ್ಕಳು, ಇವರೇ ನಮ್ಮ ಗಿರಾಕಿಗಳು. ಅದಕ್ಕೂ ಮೊದಲು ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ಇಪ್ಪತ್ತೊಂದು ವರ್ಷ ನಿಜವಾದ ವಿಮಾನಗಳಿಗೆ ಬಣ್ಣ ಹೊಡೆದಿದ್ದೆ. ಹೆಂಡತಿಗೆ ಇಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದಾಗ ಹಿಂದೆಯೇ ನಾನೂ ಬಂದೆ. ದೊಡ್ಡ ವಿಮಾನದಿಂದ ಸಣ್ಣದಕ್ಕೆ ಇಳಿದವನೆಂದು ಸ್ನೇಹಿತರು ಛೇಡಿಸುತ್ತಿದ್ದರು. ದೊಡ್ಡದರಲ್ಲಿ ತಪ್ಪು ಮುಚ್ಚಿಕೊಳ್ಳಲು ಜಾಗವಿರುತ್ತದೆ, ಸಣ್ಣದರಲ್ಲಿ ಇರುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮೆಟಾಲಿಕ್ ಫಿನಿಶ್. ಹಳೆಯ ಕಾಲದ ಬಹಳಷ್ಟು ವಿಮಾನಗಳಿಗೆ ಬಣ್ಣವೇ ಇರುತ್ತಿರಲಿಲ್ಲ. ಉಜ್ಜಿದ ಅಲ್ಯೂಮಿನಿಯಂ ತಗಡೇ ಬಿಸಿಲಿಗೆ ಹೊಳೆಯುತ್ತಿತ್ತು. ನಾವು ಪ್ಲಾಸ್ಟಿಕ್ಕನ್ನು ತಗಡೆಂದು ನಂಬಿಸಬೇಕು. ಅದಕ್ಕೆ ಮೊದಲು ಕನ್ನಡಿಯಷ್ಟು ನಯವಾದ ಕಪ್ಪು ಬಣ್ಣ ಹೊಡೆದು ಎರಡು ದಿನ ಒಣಗಲು ಬಿಡುತ್ತೇವೆ. ಆಮೇಲೆ ಏರ್‌ಬ್ರಷ್ಷಿನಿಂದ, ಅಂದರೆ ಪೆನ್ನಿನ ಗಾತ್ರದ ಸ್ಪ್ರೇ ಗನ್ನಿನಿಂದ, ಹದಿನೈದು ಪಿಎಸ್‌ಐ ಗಾಳಿಯ ಒತ್ತಡದಲ್ಲಿ ಅಲ್ಯೂಮಿನಿಯಂ ಬಣ್ಣವನ್ನು ಮಂಜಿನಷ್ಟು ತೆಳುವಾಗಿ ಐದಾರು ಸಲ ಹಾಯಿಸುತ್ತೇವೆ. ಬೆಳ್ಳಿಯ ಹೊಳಪೆಲ್ಲ ಅಡಿಯ ಕಪ್ಪಿನದು. ಕಪ್ಪಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಬೆಳ್ಳಿ ಅದನ್ನು ಊರಿಗೆಲ್ಲ ಸಾರುತ್ತದೆ. ಮೇಲೆ ವಾರ್ನಿಷ್ ಬಳಿದು ಮುಚ್ಚೋಣವೆಂದರೆ ಹೊಳಪೇ ಸತ್ತುಹೋಗುತ್ತದೆ.

ಆ ವರ್ಷದ ಆಗಸ್ಟ್ ಕೊನೆಯಲ್ಲಿ ಹತ್ತಿರದ ರೆಸ್ಟನ್‌ನಿಂದ ಪರಿಚಯದ ಸುಶೀಲಾ ಆಂಟಿ ಫೋನ್ ಮಾಡಿದರು. ಎಪ್ಪತ್ತೊಂಬತ್ತು ವರ್ಷದ ನಿವೃತ್ತ ಅನಸ್ತೀಶಿಯಾ ವೈದ್ಯೆ. ಅವರ ಪತಿ ಪುಟ್ಟಸ್ವಾಮಿ ಅಂಕಲ್‌ಗೆ ಎಂಬತ್ತನಾಲ್ಕು. ಅಂಕಲ್‌ಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಸಾಯುವ ಕಾಯಿಲೆ. ಬಲಗಣ್ಣು ಹೋಗಿ ವರ್ಷಗಳಾಗಿದ್ದವು. ಎಡಗಣ್ಣಿನಲ್ಲಿ ಕಾಗದದ ಸುರುಳಿಯೊಳಗಿಂದ ಇಣುಕಿದಷ್ಟು ನೋಟ ಮಾತ್ರ ಉಳಿದಿತ್ತು. ಅಕ್ಟೋಬರ್ ಎರಡನೆಯ ಗುರುವಾರ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಮಾಡದಿದ್ದರೆ ಉಳಿದ ನೋಟವೂ ಹೋಗುವುದು ಖಂಡಿತ, ಮಾಡಿದರೂ ಇಷ್ಟು ಕ್ಷೀಣಿಸಿದ ಕಣ್ಣಿನಲ್ಲಿ ದೀಪ ಆರಿದಂತೆ ಆರಿಹೋಗಬಹುದು ಎಂದು ಕಣ್ಣಿನ ವೈದ್ಯರು ಮೊದಲೇ ಹೇಳಿದ್ದರು.

"ಅವರಿಗೊಂದು ಡಕೋಟಾ ವಿಮಾನದ ಮಾಡೆಲ್ ಬೇಕಂತೆ ಮಂಜುನಾಥ್, ಆಪರೇಷನ್ನಿಗೆ ಮುಂಚೆ," ಎಂದರು ಆಂಟಿ. "ಸುಳ್ಳು ಸಮಾಧಾನ ಹೇಳೋಕೆ ನನಗೆ ಬರಲ್ಲ. ಆಮೇಲೆ ನೋಡ್ತಾರೋ ಇಲ್ವೋ ಗೊತ್ತಿಲ್ಲ."

ಮರುದಿನವೇ ಅವರ ಮನೆಗೆ ಹೋದೆ. ಅಂಕಲ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನ ವಿಮಾನ ರಿಪೇರಿ ಶೆಡ್ಡಿನಲ್ಲಿ ಅಪ್ರೆಂಟಿಸ್. ಎಂಜಿನಿಯರಿಂಗ್ ಓದಿದ್ದು, ಈ ದೇಶಕ್ಕೆ ಬಂದದ್ದು ಎಲ್ಲ ಆಮೇಲೆ. ಶೆಡ್ಡಿನಲ್ಲಿ ಒಂದು ಡಕೋಟಾಗೆ ಲಗೇಜ್ ಗಾಡಿ ಗುದ್ದಿ ಎಡಬಾಗಿಲ ಹಿಂದಿನ ತಗಡು ನಜ್ಜುಗುಜ್ಜಾಗಿತ್ತು. ಹೊಸ ತಗಡು ಕತ್ತರಿಸಿ, ಅದನ್ನು ಬಿಗಿಯುವ ಗುಂಡುತಲೆಯ ರಿವೆಟ್ ಮೊಳೆ ಹೊಡೆದದ್ದು ಅಂಕಲ್. ಎಷ್ಟು ಉಜ್ಜಿದರೂ ಆ ತಗಡು ಅಕ್ಕಪಕ್ಕದವುಗಳಷ್ಟು ಹೊಳೆಯಲಿಲ್ಲವಂತೆ.

"ಫೋರ್‌ಮನ್ ಹತ್ರ ಚೆನ್ನಾಗಿ ಉಗಿಸ್ಕೊಂಡೆ. ಆದ್ರೆ ಅದು ಹಾರೋವಾಗ ಕೆಳಗಿಂದ ನೋಡಿದ್ರೂ ಆ ಒಂದು ಮಂಕು ತಗಡು ಗೊತ್ತಾಗ್ತಿತ್ತು ಕಣಯ್ಯ. ನಂದು ಅಂತ," ಎಂದು ಕೈಯಿಂದ ಗಾಳಿಯಲ್ಲಿ ಒಂದು ಚೌಕ ಬರೆದು ತೋರಿಸಿದರು. "ನಮ್ಮೂರಲ್ಲಿ ಲಟಾರಿ ಬಸ್ಸಿಗೆಲ್ಲ ಡಕೋಟಾ ಅಂತಾರೆ. ಅವರಿಗೆಲ್ಲ ಒಂದು ಸಲ ನಿಜವಾದ್ದು ತೋರಿಸಬೇಕಿತ್ತು."

ಅವರು ಯಾವುದನ್ನೇ ಆದರೂ ಅಂಗುಲ ಅಂಗುಲವಾಗಿ ನೋಡುತ್ತಿದ್ದರು. ನಮಗೆ ಕಣ್ಣು ಹಾಯಿಸಿದರೆ ಇಡೀ ವಿಮಾನ ಕಾಣುತ್ತದೆ, ಸಣ್ಣ ದೋಷ ಅದರಲ್ಲಿ ಕರಗಿಹೋಗುತ್ತದೆ. ಅವರಿಗೆ ಆ ಸಣ್ಣ ದೋಷವೇ ನೋಟವನ್ನೆಲ್ಲ ತುಂಬಿಬಿಡುತ್ತದೆ. ಅದನ್ನು ಯೋಚಿಸಿಕೊಂಡೇ ಕಾರು ಹತ್ತಿದೆ.

1:48 ಸ್ಕೇಲಿನ, ಅಂದರೆ ನಿಜವಾದದ್ದರ ನಲವತ್ತೆಂಟರಲ್ಲಿ ಒಂದು ಪಾಲಿನ, ಡಕೋಟಾ ಆರಿಸಿದೆವು. ರೆಕ್ಕೆಯ ತುದಿಯಿಂದ ತುದಿಗೆ ಎರಡಡಿ. "ಆರಿಸಿದೆವು" ಎಂದರೆ ನಾನು ಮತ್ತು ಚೈತ್ರಾ. ಚೈತ್ರಾ ಮೈಸೂರಿನವಳು, ಮೂವತ್ತನಾಲ್ಕು ವರ್ಷ, ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಮನೆ. ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡುವ ಅನುಮತಿಯಿಲ್ಲದೆ ಏಳು ವರ್ಷ ಮನೆಯಲ್ಲಿ ಕೂತು, ಅನುಮತಿ ಸಿಕ್ಕ ತಿಂಗಳೇ ನನ್ನ ಬಾಗಿಲು ತಟ್ಟಿದ್ದಳು. ಮಾಡೆಲ್ಲಿನ ಮೈಯನ್ನು ನುಣ್ಣಗೆ ಉಜ್ಜುವುದರಲ್ಲಿ, ರಿವೆಟ್ಟಿನ ಸಾಲು ಅಳಿಸದಂತೆ ತೊಳೆಯುವುದರಲ್ಲಿ ಅವಳ ಕೈ ನನ್ನದಕ್ಕಿಂತ ಮೇಲು. ಇದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹೊಗಳಿದರೆ ಕೆಲಸ ಕೆಡುತ್ತದೆ ಎಂಬ ಪೇಂಟ್ ಶಾಪಿನ ಹಳೇ ಬುದ್ಧಿ ನನ್ನದು.

ಪೇಂಟ್ ಶಾಪಿನಿಂದ ನಾನು ತಂದ ಇನ್ನೊಂದು ಅಭ್ಯಾಸವನ್ನು ಅವಳಿಗೆ ಕಲಿಸಿದ್ದೆ. ನಮ್ಮ ಮೇಸ್ತ್ರಿ ರಂಗಪ್ಪನವರು ಬಣ್ಣ ಶುರುಮಾಡುವ ಮುಂಚೆ ಗನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅನ್ನ ಕೊಡುವ ವಸ್ತು, ಹಾಗೇ ಹಿಡಿಯಬಾರದು ಎನ್ನುತ್ತಿದ್ದರು. ನಾಲ್ಕು ದಶಕ ನಾನು ಒಂದು ದಿನವೂ ಅದನ್ನು ತಪ್ಪಿಸಿದವನಲ್ಲ.

ಸೆಪ್ಟೆಂಬರ್ ಎರಡನೆಯ ವಾರ ಮೊದಲ ಸಲ ಕಪ್ಪು ಹೊಡೆದೆ. ಎಂದಿನಂತೆ ಮೊದಲು ಒಂದು ಬಿಳಿ ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ನೋಡಿದೆ. ಬಣ್ಣದ ಹದ ಪರೀಕ್ಷಿಸಲು ನಾವೆಲ್ಲ ಬಳಸುವುದು ಪಾರ್ಟಿಯಲ್ಲಿ ಐಸ್‌ಕ್ರೀಂ ತಿನ್ನುವ ಅದೇ ಚಮಚ. ಚಮಚ ಕನ್ನಡಿಯಂತೆ ಬಂತು. ಆಮೇಲೆ ವಿಮಾನಕ್ಕೆ ಹೊಡೆದೆ. ಐದು ನಿಮಿಷದಲ್ಲಿ ಅದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗುಳಿಗಳು ಎದ್ದವು. ಇದಕ್ಕೆ ಫಿಶ್ ಐ ಎನ್ನುತ್ತಾರೆ. ಮೈ ಮೇಲೆ ಎಣ್ಣೆಯದೋ ಸಿಲಿಕೋನಿನದೋ ಕಾಣದಷ್ಟು ಸಣ್ಣ ಕಲೆಯಿದ್ದರೂ, ಜಿಡ್ಡು ತಟ್ಟೆಯ ಮೇಲೆ ನೀರು ನಿಲ್ಲದ ಹಾಗೆ ಬಣ್ಣ ಅಲ್ಲಿಂದ ಸರಿದು ಗುಳಿ ಬೀಳುತ್ತದೆ.

ದ್ರಾವಣದಲ್ಲಿ ಬಣ್ಣ ಬಿಚ್ಚಿ, ತೊಳೆದು, ಒಣಗಿಸಿ ಮತ್ತೆ ಹೊಡೆಯಲು ಮೂರ್ನಾಲ್ಕು ದಿನ. ಕಂಪ್ರೆಸರ್‌ನಿಂದ ಗಾಳಿಯ ಜೊತೆ ಎಣ್ಣೆ ಬರುತ್ತಿರಬೇಕೆಂದು ಅದರ ಫಿಲ್ಟರ್ ಬದಲಾಯಿಸಿದೆ. ಚಮಚ ಚೆನ್ನಾಗಿ ಬಂತು, ವಿಮಾನದಲ್ಲಿ ಮತ್ತೆ ಗುಳಿ. ಹೊಸ ಬಣ್ಣ, ಹೊಸ ಥಿನ್ನರ್ ತರಿಸಿದೆ. ಪಕ್ಕದ ಗ್ಯಾರೇಜಿನವರು ಟೈರಿಗೆ ಹೊಡೆಯುವ ಪಾಲಿಷ್ ಗಾಳಿಯಲ್ಲಿ ಬರುತ್ತಿದೆಯೆಂದು ಅವರ ಜೊತೆ ಜಗಳವನ್ನೂ ಆಡಿ ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಎರಡು ವಾರ ನನಗೆ ಡೊಂಕಲ್ಲದ ನೆಲವೇ ಕಾಣಲಿಲ್ಲ.

ಈ ನಡುವೆ ಸುಶೀಲಾ ಆಂಟಿ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆಗುತ್ತಿದೆ ಎಂದು ಸುಳ್ಳು ಹೇಳುತ್ತಿದ್ದೆ. ಒಂದು ದಿನ ಅವರೇ, "ನಿನ್ನೆ ಎದುರಿಗೇ ಇದ್ದ ಕಾಫಿ ಲೋಟ ಹುಡುಕಿದ್ರು ಮಂಜುನಾಥ್. ನೋಟದ ಸುರುಳಿ ಇನ್ನೂ ಸಣ್ಣದಾಗ್ತಿದೆ," ಎಂದರು.

ಮೂರನೆಯ ಸಲವೂ ಗುಳಿ ಬಿದ್ದದ್ದು ಸೆಪ್ಟೆಂಬರ್ ಕೊನೆಗೆ. ಪ್ರತಿಸಲ ಬಣ್ಣ ಬಿಚ್ಚಿ ಉಜ್ಜುವಾಗಲೂ ರಿವೆಟ್ಟುಗಳು ಸ್ವಲ್ಪ ಸ್ವಲ್ಪ ಸವೆಯುತ್ತಿದ್ದವು. ಅಂಕಲ್ ಹುಡುಕಿಕೊಂಡು ನೋಡುವುದೇ ಆ ರಿವೆಟ್ಟುಗಳನ್ನು. ಹೊಸ ಕಿಟ್ ತರಿಸಿ ಮೊದಲಿನಿಂದ ಜೋಡಿಸಲು ಸಮಯವಿರಲಿಲ್ಲ. ತಲೆ ಕೆಟ್ಟು ಕೈ ತೊಳೆಯಲು ಸಿಂಕಿಗೆ ಹೋದೆ. ಅಲ್ಲಿ ಕನ್ನಡಿಯ ಕೆಳಗೆ ಚೈತ್ರಾಳ ಹ್ಯಾಂಡ್ ಕ್ರೀಮ್ ಟ್ಯೂಬ್ ಇತ್ತು. ಅದರ ಪಕ್ಕದಲ್ಲೇ ನಾನೇ ಬರೆದು ಅಂಟಿಸಿದ್ದ ಚೀಟಿ: ಕ್ರೀಮ್, ಪಾಲಿಷ್, ಸಿಲಿಕೋನ್ ಇರುವ ಯಾವುದೂ ಒಳಗೆ ಬೇಡ.

"ಇದೇನು?" ಎಂದೆ, ಟ್ಯೂಬ್ ಎತ್ತಿ ಹಿಡಿದು.

"ಮನೆಗೆ ಹೊರಡೋವಾಗ ಹಚ್ಕೊಳ್ಳೋದು ಸರ್. ಸೋಪಿಗೆ ಕೈಯೆಲ್ಲ ಒಡೆದುಹೋಗಿದೆ. ಮಾಡೆಲ್ ಮುಟ್ಟೋವಾಗ ಗ್ಲವ್ಸ್ ಹಾಕ್ಕೊಂಡೇ ಇರ್ತೀನಿ. ನಾನು ಮುಟ್ಟಿದ ಮೇಲೆ ಎರಡು ಸಲ ತೊಳೀತೀವಲ್ಲ?"

ಅವಳು ಹೇಳಿದ್ದರಲ್ಲಿ ತರ್ಕವಿತ್ತು. ನನಗೆ ಬೇಕಿದ್ದದ್ದು ತರ್ಕವಲ್ಲ, ಬೈಯಲು ಒಂದು ಮುಖ. ನಿನ್ನಂಥ ಓದಿಕೊಂಡವರಿಗೆ ಇದೊಂದು ಟೈಂಪಾಸ್ ಕೆಲಸ, ಒಬ್ಬ ಮುದುಕನ ಕಣ್ಣು ನಿನಗೆ ಕ್ರೀಮಿಗಿಂತ ಕಡಿಮೆಯಾಯಿತು ಎಂದೆಲ್ಲ ಅಂದೆ. ಬರೆಯಲು ನಾಚಿಕೆಯಾಗುವಂಥ ಮಾತೂ ಒಂದೆರಡು ಬಂದವು. ಕೊನೆಗೆ, "ನಾಳೆಯಿಂದ ಬರೋದು ಬೇಡಮ್ಮ," ಎಂದೆ. ಅವಳು ಏಪ್ರನ್ ಮಡಿಸಿ ಟೇಬಲ್ಲಿನ ಮೇಲಿಟ್ಟು ಹೋದಳು. ಅವಳ ಕಾರು ಬಹಳ ಹೊತ್ತು ಹೊರಡಲಿಲ್ಲ. ಕಿಟಕಿಯಿಂದ ಅದು ನನಗೆ ಕಾಣುತ್ತಿತ್ತು, ಆದರೂ ನಾನು ಹೊರಗೆ ಹೋಗಲಿಲ್ಲ.

ಮುಂದಿನ ನಾಲ್ಕು ದಿನ ಒಬ್ಬನೇ ಎಲ್ಲ ಮಾಡಿದೆ. ನೆಲ ಒರೆಸಿದೆ, ಅವಳು ಮುಟ್ಟಿದ ಬ್ರಷ್ಷು ಬಟ್ಟೆಗಳನ್ನೆಲ್ಲ ಎಸೆದೆ, ವಿಮಾನವನ್ನು ಮೂರು ಸಲ ತೊಳೆದೆ. ಅಕ್ಟೋಬರ್ ಮೊದಲ ಸೋಮವಾರ ಬೆಳಿಗ್ಗೆ ನಾಲ್ಕನೆಯ ಸಲ ಕಪ್ಪು ಹೊಡೆದೆ. ಗುಳಿಗಳು ಮೊದಲಿಗಿಂತ ಹೆಚ್ಚಿದ್ದವು. ಶಸ್ತ್ರಚಿಕಿತ್ಸೆಗೆ ಉಳಿದದ್ದು ಹತ್ತು ದಿನ. ಬಣ್ಣ ಹೊಡೆಯುವ ಗಾಜಿನ ಕೋಣೆಗೆ, ಅಂದರೆ ಸ್ಪ್ರೇ ಬೂತಿಗೆ, ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತೆ. ಅತ್ತೆನೆಂದು ಹೇಳಲು ನನಗೆ ಈಗ ಸಂಕೋಚವಿಲ್ಲ. ವಿಮಾನ ಕೆಟ್ಟಿತೆಂದಷ್ಟೇ ಅಲ್ಲ. ಅವಳು ಇಲ್ಲದೆಯೂ ಗುಳಿ ಬಿದ್ದಿತ್ತು. ಅಂದರೆ ಅವಳದೇನೂ ತಪ್ಪಿರಲಿಲ್ಲ, ಆ ಕೋಣೆಯಲ್ಲಿ ಉಳಿದವನು ನಾನೊಬ್ಬನೇ.

ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ. "ನಿನ್ನದಲ್ಲಮ್ಮ ತಪ್ಪು. ಇವತ್ತೂ ಬಿತ್ತು. ನಾನು ಆಡಿದ್ದು ದೊಡ್ಡ ತಪ್ಪು. ಅದನ್ನ ಹೇಳೋಕೇ ಮಾಡಿದೆ," ಎಂದೆ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. "ಸರ್, ಚಮಚ ಹೇಗೆ ಬಂತು?" ಎಂದು ಕೇಳಿದಳು.

"ಚಮಚ ಚೆನ್ನಾಗೇ ಬಂತು."

"ನಾಲ್ಕು ಸಲವೂ ಚಮಚ ಚೆನ್ನಾಗಿದೆ. ಅದೇ ಬಣ್ಣ, ಅದೇ ಗಾಳಿ, ಅದೇ ಗನ್. ಚಮಚಕ್ಕೆ ಮಾಡದೆ ಇರೋದು, ವಿಮಾನಕ್ಕೆ ಮಾತ್ರ ಮಾಡೋದು ಏನಾದ್ರೂ ಇದೆಯಾ? ಒಂದ್ಸಲ ಎದ್ದು ಮಾಡಿ ನೋಡಿ ಸರ್, ಸುಮ್ನೆ."

ಫೋನನ್ನು ಸ್ಪೀಕರ್‌ಗೆ ಹಾಕಿ ಟೇಬಲ್ಲಿನ ಮೇಲಿಟ್ಟೆ. ಗ್ಲವ್ಸ್ ಹಾಕಿಕೊಂಡೆ. ಚಮಚ ಹಿಡಿದೆ, ಬಣ್ಣ ಹೊಡೆದಂತೆ ಮಾಡಿದೆ, ಇಟ್ಟೆ. ಆಮೇಲೆ ಖಾಲಿ ಗನ್ ಹಿಡಿದು ವಿಮಾನದ ಮುಂದೆ ನಿಂತೆ. ನಾನು ಹೇಳದೆಯೇ ನನ್ನ ಎರಡೂ ಕೈ ಮೇಲೆದ್ದವು. ಗನ್ನು, ಗ್ಲವ್ಸಿನ ಬೆರಳು ಎರಡೂ ಹಣೆಗೆ ಒತ್ತಿದವು. ಅಲ್ಲಿಗೆ ನಿಂತುಬಿಟ್ಟೆ. ಇದಾದ ಮೇಲೆ ನಾನು ಪ್ರತಿಸಲ ಮಾಡುವುದೇನೆಂದರೆ, ಅದೇ ಗ್ಲವ್ಸಿನಲ್ಲಿ ವಿಮಾನದ ಬಾಗಿಲ ಹತ್ತಿರ ಹಿಡಿದು, ಅಂಟುಬಟ್ಟೆಯಿಂದ ಕೊನೆಯ ಧೂಳು ಒರೆಸುವುದು. ಚಮಚಕ್ಕೆ ಧೂಳೂ ಒರೆಸುವುದಿಲ್ಲ, ನಮಸ್ಕಾರವನ್ನೂ ಮಾಡುವುದಿಲ್ಲ. ಐಸ್‌ಕ್ರೀಂ ಚಮಚಕ್ಕೆ ಯಾರು ಕೈಮುಗಿಯುತ್ತಾರೆ?

"ಚೈತ್ರಾ, ನಾನು ತಲೆಗೆ ಏನೋ ಹಚ್ಕೊಳ್ತಿದೀನಿ," ಎಂದೆ.

ಆ ಬೇಸಿಗೆಯಲ್ಲಿ ನನಗೆ ಕೋವಿಡ್ ಬಂದು ಹೋಗಿತ್ತು. ಆಮೇಲೆ ಕೂದಲು ಹಿಡಿ ಹಿಡಿಯಾಗಿ ಉದುರಿತು. ಅಟ್ಲಾಂಟಾ ಹತ್ತಿರದ ಅಲ್ಫರೆಟಾದಲ್ಲಿರುವ ಮಗಳು ಸೆಪ್ಟೆಂಬರ್ ಮೊದಲ ವಾರ ನೋಡಲು ಬಂದವಳು, "ಅಪ್ಪ, ಇದು ಸ್ಟಿಕಿ ಅಲ್ಲ, ಡೈಲಿ ಹಚ್ಕೊ," ಎಂದು ಒಂದು ಬಾಟಲಿ ಕೂದಲೆಣ್ಣೆ ಕೊಟ್ಟು ಹೋಗಿದ್ದಳು. ಮಗಳ ಮಾತೆಂದು ಒಂದು ದಿನವೂ ಬಿಡದೆ ಹಚ್ಚಿದ್ದೆ. ಮನೆಗೆ ಹೋಗಿ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆ. ಎಣ್ಣೆಗಿಂತ ಮೊದಲು ಡೈಮೆಥಿಕೋನ್ ಎಂದಿತ್ತು. ಅದು ಸಿಲಿಕೋನ್. ಅಂಟದಿರುವುದೇ ಅದರ ಗುಣ, ಬಣ್ಣ ಅದರ ಮೇಲೆ ನಿಲ್ಲದಿರುವುದೂ ಅದಕ್ಕೇ. ಮೇಸ್ತ್ರಿ ರಂಗಪ್ಪನವರ ತಲೆ ಬೋಳಾಗಿತ್ತು, ಎಣ್ಣೆ ಹಚ್ಚಲು ಅಲ್ಲಿ ಏನೂ ಇರಲಿಲ್ಲ. ಅವರಿಂದ ನಾನು ಅಭ್ಯಾಸವನ್ನು ಕಲಿತಿದ್ದೆ, ತಲೆಯನ್ನಲ್ಲ.

ಮಂಗಳವಾರ ಚೈತ್ರಾ ಬಂದಳು. ನನ್ನ ಹಣೆಗೆ ಒತ್ತಿದ ಗ್ಲವ್ಸಿನಿಂದ ಒಂದು ಚಮಚದ ಅರ್ಧ ಭಾಗವನ್ನು ಸವರಿ ಬಣ್ಣ ಹೊಡೆದಳು. ಸವರಿದ ಅರ್ಧದಲ್ಲಿ ಗುಳಿ, ಉಳಿದರ್ಧ ಕನ್ನಡಿ. ಅದನ್ನು ನನ್ನ ಮುಂದಿಟ್ಟು, ನನ್ನ ಮುಖ ನೋಡದೆ ಹೇಳಿದಳು. "ನಾನು ಬರ್ತೀನಿ ಸರ್. ಅಂಕಲ್‌ಗೋಸ್ಕರ. ಆದ್ರೆ ಈ ಮಾಡೆಲ್ ಮುಗಿಯೋವರೆಗೂ ನೀವು ಬೂತ್ ಒಳಗೆ ಬರಬಾರದು." ಸ್ವಲ್ಪ ಹೊತ್ತಿನ ಮೇಲೆ, "ಆ ದಿನ ಅರ್ಧ ಗಂಟೆ ನನಗೆ ಡ್ರೈವ್ ಮಾಡೋಕಾಗ್ಲಿಲ್ಲ," ಎಂದೂ ಅಂದಳು. ಗೊತ್ತು ಎಂದೆ.

ಬುಧವಾರ ಬಣ್ಣ ಬಿಚ್ಚಿ, ಕಾರಿನ ಬಣ್ಣದವರು ಬಳಸುವ, ಸಿಲಿಕೋನ್ ತೆಗೆಯುವ ದ್ರಾವಣದಿಂದ ಅವಳು ವಿಮಾನವನ್ನು ಗೆರೆ ಗೆರೆಯಾಗಿ ಒರೆಸಿದಳು. ಎಡಬಾಗಿಲ ಸುತ್ತಲಿನ ರಿವೆಟ್ಟುಗಳು ಆಗಲೇ ಬೆರಳಿಗೆ ಸಿಗದಷ್ಟು ಸವೆದಿದ್ದವು. ಇನ್ನೊಂದು ಸಲ ಬಣ್ಣ ಬಿಚ್ಚಿದರೆ ಅವು ಉಳಿಯುತ್ತಿರಲಿಲ್ಲ. ಇದೇ ಕೊನೆಯ ಅವಕಾಶವೆಂದು ಇಬ್ಬರಿಗೂ ಗೊತ್ತಿತ್ತು. ಗುರುವಾರ ಅವಳು ತಲೆಗೆ ಟೋಪಿ ಬಿಗಿದು ಬೂತಿನೊಳಗೆ ನಿಂತಳು. ನಾನು ಗಾಜಿನ ಹೊರಗೆ, ಆಪರೇಷನ್ ಥಿಯೇಟರಿನ ಮುಂದೆ ಕಾಯುವ ನೆಂಟನ ಹಾಗೆ. ನಾನು ಕಲಿಸಿದ ರೂಢಿಯಿಂದ ಅವಳ ಕೈಯೂ ಗನ್ ಹಿಡಿದು ಮೇಲೇಳತೊಡಗಿತು. ಅರ್ಧದಲ್ಲೇ ನಿಲ್ಲಿಸಿ, ಗನ್ನನ್ನು ಸ್ಟ್ಯಾಂಡಿಗಿಟ್ಟು, ದೂರದಿಂದಲೇ ಕೈಮುಗಿದು ಮತ್ತೆ ಎತ್ತಿಕೊಂಡಳು.

ಕಪ್ಪು ನಿಂತಿತು. ಕೊಳದ ನೀರಿನಷ್ಟು ನಿಶ್ಚಲವಾಗಿ ನಿಂತಿತು. ನನ್ನ ಉಸಿರು ವಾಪಸ್ ಬರುವಷ್ಟರಲ್ಲಿ ಅವಳು ಗಾಜಿನ ಮೇಲೆ ಬೆರಳು ಬಡಿದು ಕರೆದಳು. ಎಡಬಾಗಿಲಿನಿಂದ ಒಂದಿಂಚು ಹಿಂದೆ, ಅಂಕಲ್‌ರ ತಗಡು ಬರಬೇಕಾದ ಜಾಗದ ಅಂಚಿಗೆ, ಒಂದೇ ಒಂದು ಗುಳಿ. ನಾಲ್ಕು ಸಲ ನಾನು ಹಿಡಿದ ಜಾಗ ಅದು. ತಗಡುಗಳ ನಡುವಿನ ಗೆರೆಯೊಳಗೆ ಎಲ್ಲೋ ನನ್ನ ಸಿಲಿಕೋನ್ ಉಳಿದುಬಿಟ್ಟಿತ್ತು. ಉಜ್ಜಿದರೆ ರಿವೆಟ್ ಹೋಗುತ್ತದೆ, ತುಂಬಿದರೆ ಉಬ್ಬು ಕಾಣುತ್ತದೆ.

"ಬಿಡೋಣ ಸರ್," ಎಂದಳು ಚೈತ್ರಾ. ಬಿಟ್ಟೆವು.

ಶನಿವಾರ ಬೆಳ್ಳಿ ಹೊಡೆದಳು. ಸೋಮವಾರ ಕಾಗದದ ಟೇಪಿನಿಂದ ಸುತ್ತಲೂ ಮುಚ್ಚಿ, ಆ ಒಂದು ತಗಡಿಗೆ ಮಾತ್ರ ಬೂದಿ ಬೆರೆತಂಥ ಮಂಕು ಬೆಳ್ಳಿ ಹಾಯಿಸಿದಳು. ಬುಧವಾರ ಬೆಳಿಗ್ಗೆ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಇಬ್ಬರೂ ರೆಸ್ಟನ್‌ಗೆ ಹೋದೆವು.

ಆಂಟಿ ಕಿಟಕಿಯ ಪಕ್ಕ ಮೇಜು ಹಾಕಿಸಿದ್ದರು. ಅಂಕಲ್ ಮೂತಿಯಿಂದ ಶುರುಮಾಡಿದರು. ಕತ್ತನ್ನು ಇಂಚಿಂಚೇ ಸರಿಸುತ್ತ, ಎಂಜಿನ್, ರೆಕ್ಕೆ, ಕಿಟಕಿಗಳ ಸಾಲು ನೋಡಿದರು. ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದರು. ಹೀಗೆ ಮುಕ್ಕಾಲು ಗಂಟೆ ಹಿಡಿಯಿತು. ವಿಮಾನದ ಎಡಬಾಗಿಲ ಹಿಂದಕ್ಕೆ ಬಂದಾಗ ಅವರ ನೋಟ ನಿಂತಿತು.

"ಇದು ನಂದು," ಎಂದರು. "ಅಷ್ಟೇ ಮಂಕು. ಅವತ್ತು ಉಗಿಸ್ಕೊಂಡಿದ್ನಲ್ಲ, ಅಷ್ಟೇ ಮಂಕು."

ಆಮೇಲೆ ಇನ್ನೂ ಬಗ್ಗಿದರು. "ಇಲ್ಲೊಂದು ಗುಳಿ ಇದೆಯಲ್ಲ? ಇದು ನಮ್ಮ ವಿಮಾನದಲ್ಲಿ ಇರ್ಲಿಲ್ಲ."

ಚೈತ್ರಾ ನನ್ನ ಕಡೆ ನೋಡಿದಳು. "ಅದು ನನ್ನದು ಅಂಕಲ್," ಎಂದೆ. ಎಣ್ಣೆ, ಹಣೆ, ಚಮಚ, ಅವಳನ್ನು ನಾನು ಕಳಿಸಿಬಿಟ್ಟದ್ದು, ಎಲ್ಲವನ್ನೂ ಅವಳ ಎದುರಿಗೇ ಹೇಳಿದೆ. ಬಣ್ಣವೆಲ್ಲ ಅವಳ ಕೈಯದು, ಗುಳಿಯೊಂದು ಮಾತ್ರ ನನ್ನದು ಎಂದೆ. ಅಂಕಲ್ ಕತ್ತು ಎತ್ತದೆ ಕೇಳಿಸಿಕೊಂಡರು.

"ನನ್ನ ತಗಡು, ನಿನ್ನ ಗುಳಿ," ಎಂದರು ಕೊನೆಗೆ. "ಇರಲಿ ಬಿಡಯ್ಯ. ಅಕ್ಕಪಕ್ಕ ಇರಲಿ."

ಗುರುವಾರ ಶಸ್ತ್ರಚಿಕಿತ್ಸೆ ನಡೆಯಿತು. ಕಣ್ಣಿನ ಒತ್ತಡ ಇಳಿಯಿತು, ಆದರೆ ಉಳಿದಿದ್ದ ನೋಟವೂ ಹೋಯಿತು. ಆಂಟಿ ಫೋನಿನಲ್ಲಿ ಅಷ್ಟನ್ನೇ ಹೇಳಿ ಇಟ್ಟರು. ಅವರು ಸಮಾಧಾನದ ಮಾತು ಹೇಳುವವರಲ್ಲ, ಕೇಳುವವರೂ ಅಲ್ಲ.

ಕಾರ್ಯಾಗಾರವನ್ನು ಈಗ ಚೈತ್ರಾ ನಡೆಸುತ್ತಾಳೆ. ಸಿಂಕಿನ ಬಳಿ ನನ್ನ ಚೀಟಿಯ ಕೆಳಗೆ ಅವಳು ಆ ಅರ್ಧ ಗುಳಿಯ ಚಮಚವನ್ನು ಅಂಟಿಸಿದ್ದಾಳೆ. ಹೊಸಬರು ಅದೇನೆಂದು ಕೇಳಿದರೆ ಸರ್‌ನೇ ಕೇಳಿ ಎನ್ನುತ್ತಾಳೆ, ನಾನು ಹೋದಾಗ ಹೇಳುತ್ತೇನೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ನನಗೆ ಕಾಣದೇ ಹೋದದ್ದು ಬೆನ್ನಲ್ಲ, ಹಣೆ. ಎಲ್ಲವನ್ನೂ ಅನುಮಾನಿಸಿದ ನಾನು, ಪೂಜ್ಯವೆಂದು ದಿನಾ ಮಾಡುತ್ತಿದ್ದ ಒಂದನ್ನು ಮಾತ್ರ ಅನುಮಾನಿಸಲಿಲ್ಲ. ಕೆಲಸ ಕೆಟ್ಟಾಗ ಇನ್ನೊಬ್ಬರತ್ತ ಬೆರಳು ತೋರುವ ಮುಂಚೆ ಆ ಬೆರಳಿಗೆ ಏನು ಅಂಟಿದೆ ಎಂದು ನೋಡಿಕೊಳ್ಳಬೇಕು. ಈ ಕಸುಬು ನನಗೆ ಕಲಿಸಿದ್ದು ಇದನ್ನು, ಅದೂ ಬಹಳ ತಡವಾಗಿ.

ಆ ಡಿಸೆಂಬರಿನಲ್ಲಿ ಒಮ್ಮೆ ಅಂಕಲ್ ಮನೆಗೆ ಹೋಗಿದ್ದೆ. ವಿಮಾನ ಗಾಜಿನ ಪೆಟ್ಟಿಗೆಯಲ್ಲಿತ್ತು. ಬಂದಿದ್ದ ನೆಂಟರೊಬ್ಬರಿಗೆ ಅಂಕಲ್ ಅದನ್ನು ತೋರಿಸುತ್ತಿದ್ದರು. ಗಾಜಿನ ಮೇಲೆ ಬೆರಳಿಟ್ಟು, "ಬಾಗಿಲಿಂದ ಒಂದಿಂಚು ಹಿಂದೆ ಮಂಕು ತಗಡು, ಅದರ ಅಂಚಿಗೆ ಒಂದು ಸಣ್ಣ ಗುಳಿ. ಕಾಣ್ತಾ?" ಎಂದು ಕೇಳಿದರು. ನೆಂಟರು ಎರಡೂ ಕಣ್ಣರಳಿಸಿ ಹುಡುಕಿ, ಇಲ್ಲವಲ್ಲ ಎಂದರು.

"ಸರಿಯಾಗಿ ನೋಡಿ," ಎಂದರು ಅಂಕಲ್. "ನಾನು ನೋಡಿದೀನಿ, ಇದೆ."

ಅವರ ಬೆರಳು ನಿಂತಿದ್ದ ಜಾಗ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.